ನಾಯಿ ಮಲಗುತ್ತಿದ್ದ ಮೂಲೆ

ನಾಯಿ ಕೆಮ್ಮುತ್ತದೆಂದು ಯಜಮಾನರು ನೆಲಮಾಳಿಗೆಯ ಗಾಳಿ ಪರೀಕ್ಷೆ ಮಾಡಿಸಿದ್ದರು. ಮೂರು ದಿನ ಅಲ್ಲಿಟ್ಟಿದ್ದ ಮೀಟರನ್ನು ತಂತ್ರಜ್ಞ ಎತ್ತಿ ನೋಡಿದ.

"ಕೆಳಗಿನ ಬಂಡೆಯಿಂದ ರೇಡಾನ್ ಅನಿಲ ಬರ್ತಿದೆ ಸರ್. ಆ ಮೂಲೆ ಬಿರುಕಲ್ಲೇ ಜಾಸ್ತಿ. ಬಣ್ಣ ಇಲ್ಲ, ವಾಸನೆ ಇಲ್ಲ. ವರ್ಷಗಟ್ಟಲೆ ಉಸಿರಾಡಿದ್ರೆ ಶ್ವಾಸಕೋಶದ ಕ್ಯಾನ್ಸರ್ ಬರಬಹುದು. ಇಲ್ಲಿ ಯಾರ್ ಮಲಗ್ತಾರೆ?"

"ವಾಚ್‌ಮನ್ನು, ಅವನ ಹೆಂಡ್ತಿ, ಮಗು. ಆ ಮೂಲೇಲಿ ನಮ್ಮ ಬ್ರೂನೋ."

"ನೆಲದಡಿಯಿಂದ ತಾರಸಿವರೆಗೆ ಪೈಪ್ ಎಳೆದು ಫ್ಯಾನ್ ಕೂರಿಸಿದ್ರೆ ಸರಿಹೋಗುತ್ತೆ."

"ಪೈಪು ನಮ್ಮ ಹಾಲ್ ಒಳಗಿಂದ ಹೋಗುತ್ತಾ?"

"ಹೌದು ಸರ್."

"ಹಾಲಲ್ಲಿ ಪೈಪ್ ಕಂಡ್ರೆ ಚೆನ್ನಾಗಿರಲ್ಲ."

"ಹಾಗಾದ್ರೆ ಇಲ್ಲಿ ಯಾರನ್ನೂ ಮಲಗಿಸ್ಬೇಡಿ."

"ಇವತ್ತೇ ವ್ಯವಸ್ಥೆ ಮಾಡ್ತೀನಿ."

ಸಂಜೆ ಯಜಮಾನರು ವಾಚ್‌ಮನ್ನನ್ನು ಕರೆದು, ನಾಯಿಯ ಹಾಸಿಗೆಯನ್ನು ಮೇಲಿನ ಹಾಲಿಗೆ ತಂದು ಹಾಕಲು ಹೇಳಿದರು. ಬೇರೇನೂ ಹೇಳಲಿಲ್ಲ.

ಸ್ವಲ್ಪ ಹೊತ್ತಿಗೆ ವಾಚ್‌ಮನ್ನನ ಹೆಂಡತಿ ಖಾಲಿಯಾದ ಮೂಲೆಯನ್ನು ಗುಡಿಸಿ, ಬಿರುಕಿನ ಮೇಲೆ ಮಗುವಿನ ಚಾಪೆ ಹಾಸಿ, ಮೆಟ್ಟಿಲು ಹತ್ತಿ ಬಂದು ಕೈಮುಗಿದಳು.

"ಮಗೀಗೆ ಕಾಲು ಚಾಚೋಕೆ ಜಾಗ ಮಾಡಿಕೊಟ್ರಿ ಸ್ವಾಮಿ. ನಿಮ್ಮ ಹೊಟ್ಟೆ ತಣ್ಣಗಿರ್ಲಿ."