ಒಂಬತ್ತು ವ್ಯಾಟಿನ ಕಾವಲುಗಾರ

ಮನೆಯ ಕರೆಂಟೆಲ್ಲ ಮನೆಯ ಜೋಕಾಲಿಯಿಂದಲೇ ಬರುವುದರಿಂದ, ಇಂಟರ್ನೆಟ್ಟಿಗೆ ಕಾವಲು ಕೂರಿಸುವ ಪುಟ್ಟ ಕಂಪ್ಯೂಟರನ್ನು ಧಾರವಾಡದಲ್ಲಿ ಯಾರೂ ಜೀಕಿ ನೋಡದೆ ಕೊಳ್ಳುವುದಿಲ್ಲ. ಎಪ್ಪತ್ತರ ಬಸಲಿಂಗವ್ವ ಅಂಗಡಿಯ ಜೋಕಾಲಿ ಹತ್ತಿದಳು. ಹೋದ ವಾರ ಯಾವನೋ ಕಳ್ಳ ಮನೆಯ ನೆಟ್ಟಿನೊಳಗೆ ನುಗ್ಗಿ, ಮಗಳ ದನಿಯಲ್ಲೇ ಅವಳನ್ನು ಮಾತಾಡಿಸಿದ್ದ.

"ಮೂರು ವ್ಯಾಟಿನ ಈ ಸಣ್ಣದು ಸಾಕು ಬಿಡ್ರಿ ಅಮ್ಮಾರ, ಮೆಲ್ಲಕ ತೂಗಿಕೊಂಡ್ರ ನಡೀತದ" ಎಂದಳು ಅಂಗಡಿಯ ಶಕುಂತಲಾ. "ಆ ದೊಡ್ಡದಕ್ಕ ಒಂಬತ್ತು ಬೇಕು. ಪಂಚಮಿ ಹಬ್ಬದ ಹುಡುಗ್ಯಾರಂಗ ಜೀಕಬೇಕಾಗ್ತದ."

ಬಸಲಿಂಗವ್ವ ಸೆರಗು ಸಿಕ್ಕಿಸಿ ನೆಲ ಒದ್ದಳು. ಮೀಟರಿನಲ್ಲಿ ಮೂರು, ಆರು, ಒಂಬತ್ತು! ದೊಡ್ಡದರ ಹಸಿರು ದೀಪ ಹತ್ತಿಯೇಬಿಟ್ಟಿತು.

"ದೊಡ್ಡದನ್ನ ಕಟ್ಟಿಕೊಡವಾ."

"ಕಳ್ಳರನ್ನ ಎರಡೂ ಅಷ್ಟ ಚಲೋ ತಡೀತಾವರೀ!"

"ತಡೀಲಿ. ಈ ವಯಸ್ಸಿನ್ಯಾಗ ಯಾಕ ಇಷ್ಟು ಜೋರ ಜೀಕ್ತಿ ಅಂತ ಸೊಸಿ ಕೇಳಿದ್ರ, ನನಗೊಂದು ನೆವ ಬೇಕಲ್ಲ?"