ಬಾಗಿಲಿಗಿಟ್ಟ ಕಲ್ಲು

ರಾಕೇಶ್ ಬಾಗಿಲಲ್ಲಿ ಎಡವಿದ. ಭವನದ ಆ ಭಾರದ ಬಾಗಿಲು ತಾನಾಗಿ ಮುಚ್ಚಿಕೊಳ್ಳದಿರಲಿ ಎಂದು ಇಟ್ಟಿದ್ದ ಕಲ್ಲು. ಹದಿಮೂರು ವರ್ಷದವನಿದ್ದಾಗಿನಿಂದ ಅವನು ಅದಕ್ಕೆ ಎಡವುತ್ತಲೇ ಇದ್ದಾನೆ, ಈಗ ಅವನಿಗೆ ಮೂವತ್ತಮೂರು. ಎಂದಿನಂತೆ ಕಲ್ಲನ್ನು ಬೈದುಕೊಂಡು ಒಳಗೆ ಬಂದ.

ಒಳಗೆ ಅವನ ತಾಯಿ ವತ್ಸಲಾ ಕಪಾಟು ಖಾಲಿ ಮಾಡುತ್ತಿದ್ದಳು. ಡಚ್ಚರ ನಾಡಿನ ನ್ಯೂವೆಗೈನ್‌ ಊರಿನ ಈ ಸಮುದಾಯ ಭವನದಲ್ಲಿ ಇಪ್ಪತ್ತಮೂರು ವರ್ಷ ಪ್ರತಿ ಭಾನುವಾರ ನಾಲ್ಕು ಗಂಟೆಗೆ ನಡೆದ ಕನ್ನಡ ಪ್ರಾರ್ಥನೆ ಇಂದಿಗೆ ಮುಗಿದಿತ್ತು. ಒಂದು ಕಾಲಕ್ಕೆ ಬಾಗಿಲ ಹೊರಗೆ ನಲವತ್ತು ಜೊತೆ ಒದ್ದೆ ಬೂಟು ಇರುತ್ತಿದ್ದವು. ಹಾರ್ಮೋನಿಯಂ ನಿಂತ ಮೇಲೆ ಗಿರಮಿಟ್ಟು, ಚಹಾ. ಆ ವಾಸನೆಗೇ ಮಕ್ಕಳು ಆಮೆನ್ ಅನ್ನುವುದಕ್ಕೆ ಅವಸರಪಡುತ್ತಿದ್ದವು. ಇವತ್ತು ಬಂದವರು ನಾಲ್ಕೇ ಜನ. ಇಬ್ಬರು ಈಚೆಗೆ ಸೇರಿದವರು, ಆಗಲೇ ಹೊರಟುಹೋಗಿದ್ದರು. ಇನ್ನೊಬ್ಬ ರಾಕೇಶ್, ಅವನೂ ಕಾರು ಓಡಿಸಲು ಬಂದವನು.

"ಅವ್ವಾ, ಹಾಡಿನ ಪುಸ್ತಕ ಸಾಕು. ಈ ಕಲ್ಲೆಲ್ಲಾ ಮನೀಗೆ ಯಾಕ? ಗಾರ್ಡನ್ ಸೆಂಟರ್‌ನಾಗ ಚೀಲಗಟ್ಟಲೆ ಸಿಗ್ತಾವ."

ವತ್ಸಲಾ ಬಿಸ್ಕತ್ತಿನ ಡಬ್ಬಿಯನ್ನೂ ಕೆಳಗಿಳಿಸಿದಳು. ಅದರಲ್ಲಿ ಹನ್ನೊಂದು ಹೊಳೆಗಲ್ಲುಗಳಿದ್ದವು. ಪ್ರಾರ್ಥನೆ ಶುರುಮಾಡಿದ ಬೆಟಗೇರಿಯ ಜಯಕರ ಮಾಸ್ತರರು ಮೊದಲ ವರ್ಷವೇ ಹನ್ನೆರಡೂ ಮನೆಯವರಿಗೆ ಹೇಳಿದ್ದರು: "ಈ ದೇಶದಾಗ ಕೆಸರು, ಉಸುಕು ಬಿಟ್ರ ಏನೂ ಇಲ್ಲ. ಊರಿಗೆ ಹೋದಾಗ ಮನೀಗೊಂದು ಹೊಳಿಕಲ್ಲು ತರ್ರಿ. ಇವು ಏನು ಅಂತ ಮಕ್ಕಳು ಕೇಳತಾವ, ಆವಾಗ ಹೇಳ್ರಿ. ಕೇಳದ ಹೇಳಬ್ಯಾಡ್ರಿ. ಕೇಳದ ಹೇಳಿದ ಮಾತು ಕಿವಿಗೆ ಹತ್ತಂಗಿಲ್ಲ." ಮಾಸ್ತರರ ಮಾತೆಂದರೆ ಮಾತು. ವತ್ಸಲಾ ಎಲ್ಲ ಮಕ್ಕಳಿಗೂ ಬೈಬಲಿನ ಯೆರಿಕೋ ಗೋಡೆ ಬಿದ್ದದ್ದನ್ನು ಕೈ ಬಾಯಿ ತಿರುಗಿಸಿ ಹೇಳಿದ್ದಳು, ಕಲ್ಲುಗಳ ಕಥೆ ಮಾತ್ರ ಹೇಳಲಿಲ್ಲ. ಒಂದು ಮಗುವೂ ಕೇಳಲಿಲ್ಲ. ಮಾಸ್ತರರು ತೀರಿಕೊಂಡರು, ಮಕ್ಕಳು ಮಾಸ್ಟ್ರಿಕ್ಟ್, ಕೆನಡಾ ಅಂತ ಚದುರಿದರು, ಹಿರಿಯರು ಒಬ್ಬೊಬ್ಬರಾಗಿ ಹೋದರು. ಕಥೆ ಗೊತ್ತಿದ್ದವಳು ಈಗ ಅವಳೊಬ್ಬಳೇ ಉಳಿದಿದ್ದಳು. ಇವತ್ತೂ ಯಾರೂ ಕೇಳದಿದ್ದರೆ ಇವು ಬರೀ ಕಲ್ಲೇ ಆಗಿಹೋಗುತ್ತವೆ.

ಬೀಗದ ಕೈ ತೆಗೆದುಕೊಳ್ಳಲು ಭವನದ ಮೇಲ್ವಿಚಾರಕ ಗೆರಿಟ್ ಬಂದ. ಎಪ್ಪತ್ತು ದಾಟಿದ ಮನುಷ್ಯ. ಡಬ್ಬಿಯೊಳಗೆ ಇಣುಕಿ ನೋಡಿ ಡಚ್ಚಿನಲ್ಲಿ ಏನೋ ಅಂದ.

"ಏನಂತಪಾ?"

"ಇಪ್ಪತ್ತು ವರ್ಷದಿಂದ ಕೇಳಬೇಕು ಅನ್ಕೊಂಡಿದ್ನಂತ," ಎಂದ ರಾಕೇಶ್. "ಈ ಕಲ್ಲು ಏನು ಅಂತ."

ವತ್ಸಲಾಳ ಕೈ ನಿಂತಿತು. ಕೇಳಬೇಕಾದವರು ಬಿಟ್ಟು ಕೇಳಬೇಕಿಲ್ಲದವನು ಕೇಳಿದ್ದ. ಆದರೂ ಕೇಳಿದ್ದಂತೂ ನಿಜ. ಅವಳಿಗೆ ಬರುತ್ತಿದ್ದದ್ದು ತರಕಾರಿ ಕೊಳ್ಳುವಷ್ಟು ಡಚ್, ಅಷ್ಟರಲ್ಲಿ ಯೊರ್ದನ್ ನದಿ ದಾಟಲಾಗದು. "ನಾ ಹೇಳ್ತೀನಿ, ನೀ ಅವಗ ತಿಳಿಸು," ಎಂದು ಮಗನನ್ನು ಕುರ್ಚಿಯಲ್ಲಿ ಕೂರಿಸಿದಳು.

"ಪಾರ್ಕಿಂಗ್ ಟೈಮ್ ಮುಗೀತದ ಅವ್ವಾ."

"ಮುಗೀಲಿ."

ಅವಳು ಹೇಳಿದಳು. ನಲವತ್ತು ವರ್ಷ ಮರಳುಗಾಡಿನಲ್ಲಿ ಅಲೆದ ಜನ, ತುಂಬಿ ಹರಿಯುವ ನದಿ, ಮುಂದೆ ಅವರ ನಾಯಕ ಯೆಹೋಶುವ. ದೇವರನ್ನು ಬಿಡುವುದಿಲ್ಲ ಎಂದು ಮಾತು ಕೊಟ್ಟು, ಅವನನ್ನೇ ನಂಬಿ ಕಾಲಿಟ್ಟರು, ನೀರು ನಿಂತುಬಿಟ್ಟಿತು. ಹನ್ನೆರಡು ಕುಲದಿಂದ ಹನ್ನೆರಡು ಜನ ನದಿಯ ನಡುವಿನಿಂದ ಒಂದೊಂದು ಕಲ್ಲು ಹೊತ್ತು ತಂದು ದಡದಲ್ಲಿ ನಿಲ್ಲಿಸಿದರು, ಮಕ್ಕಳು ಕೇಳಲಿ ಅಂತ. ಹಾಗೆಯೇ ಇಲ್ಲಿಯ ಹನ್ನೆರಡು ಮನೆಯವರೂ ಮನೆಗೊಂದು ಕಲ್ಲು ತಂದರು. ರಾಕೇಶ್ ಮೊದಮೊದಲು ತನ್ನ ಬ್ಯಾಂಕಿನ ವರದಿ ಓದುವಂತೆ ಅನುವಾದಿಸಿದ. ನೀರು ನಿಲ್ಲುವ ಹೊತ್ತಿಗೆ ಅವನ ಧ್ವನಿ ತಗ್ಗಿತ್ತು.

"ನೀರು ಸರಿಸಿ ನೆಲ ಮಾಡಾಕ ನಮಗ ಪಂಪು ಬೇಕಾತು ಅಂತಾನ," ಎಂದು ಗೆರಿಟ್‌ನ ಮಾತು ತಿಳಿಸಿ ರಾಕೇಶ್ ನಕ್ಕ. ಆಮೇಲೆ ಗೆರಿಟ್ ಇನ್ನೊಂದು ಕೇಳಿದ. "ಆ ಜನ ದೇವರಿಗೆ ಕೊಟ್ಟ ಮಾತು ಉಳಿಸಿಕೊಂಡ್ರಾ ಅಂತ."

"ಯೆಹೋಶುವ ಇರೋತನಕ ಉಳಿಸಿಕೊಂಡ್ರು. ಅವನ ಜೋಡಿ ಇದ್ದ ಹಿರೇರು ಇರೋತನಕನೂ ಉಳಿಸಿಕೊಂಡ್ರು."

"ಆಮ್ಯಾಲೆ?"

"ಆಮ್ಯಾಲಿಂದು ಹೇಳಾಕ ನನಗ ಮನಸಿಲ್ಲ ಅಂತ ಹೇಳವಗ."

ರಾಕೇಶ್ ಅದನ್ನು ಹೇಳಲಿಲ್ಲ. ಆಮೇಲೆ ಅಂತ ಕೇಳಿದ್ದು ಗೆರಿಟ್ ಅಲ್ಲ, ತಾನೇ ಎಂದು ಅವನಿಗೆ ಹೊಳೆದಿತ್ತು. ಡಬ್ಬಿಯನ್ನು ಹತ್ತಿರ ಎಳೆದುಕೊಂಡು ಒಂದೊಂದೇ ಕಲ್ಲು ಮುಟ್ಟಿ ಎಣಿಸಿದ. ಹನ್ನೊಂದು.

"ಅವ್ವಾ, ಇದರಾಗ ನಮ್ಮ ಮನೀದು ಯಾವುದು?"

ವತ್ಸಲಾ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದಳು. ಒರೆಸುತ್ತಲೇ ಇದ್ದಳು.

"ನಮ್ಮದು ಅದರಾಗಿಲ್ಲ. ಮಲಪ್ರಭಾ ಹೊಳೀದು, ಎಲ್ಲಾರದಕ್ಕಿಂತ ದೊಡ್ಡದು. ಅದರ ಭಾರಕ್ಕ ನಿಮ್ಮಪ್ಪ ರೊಟ್ಟಿಗೆ ಹಚ್ಕೊಳ್ಳೋ ಎರಡು ಕಿಲೋ ಶೇಂಗಾ ಹಿಂಡಿ ಏರ್‌ಪೋರ್ಟಿನಾಗ ಬಿಟ್ಟು ಬಂದಿದ್ರು. ಹಿಂಡಿ ಹೋತು ಅಂತ ನೀ ಅತ್ತಿದ್ದಿ, ಕಲ್ಲು ಯಾಕ ಅಂತ ಕೇಳಲಿಲ್ಲ. ಕಪಾಟಿನಾಗ ಇದ್ರ ಕೇಳಂಗಿಲ್ಲ, ಎಡವಿದರಾದ್ರೂ ಕೇಳ್ತಿ ಅಂತ ನಾನೇ ಅದನ್ನ ಬಾಗಿಲಕ್ಕ ಇಟ್ಟೆ."

ರಾಕೇಶ್ ಎದ್ದು ಹೋಗಿ, ಬಗ್ಗಿ, ಕಲ್ಲನ್ನು ಎರಡೂ ಕೈಯಿಂದ ಎತ್ತಿಕೊಂಡ. ತಡೆಯಿಲ್ಲದ ಬಾಗಿಲು ಮೆಲ್ಲಗೆ ಮುಚ್ಚಿಕೊಳ್ಳತೊಡಗಿತು. ತಾಯಿ ಇನ್ನೂ ಒಳಗೇ ಇದ್ದಳು. ಅವನು ಕಲ್ಲನ್ನು ಎದೆಗವಚಿಕೊಂಡು, ಅದು ಇದ್ದ ಜಾಗದಲ್ಲೇ ನಿಂತು, ಬೆನ್ನು ಕೊಟ್ಟು ಬಾಗಿಲು ತಡೆದ.