ಮೂರನೆಯ ಸಾಲಿನ ಕೆಂಪು

ಮತ್ತೆ ಕೆಂಪಾಯಿತು.

ಆಸ್ಪತ್ರೆಯ ಗೋಡೆಯ ಪರದೆಯಲ್ಲಿ ಮೂರನೆಯ ಸಾಲಿನ ಕೊನೆಯ ಚೌಕವು ನೀಲಿಯಿಂದ ಹಳದಿಗೆ, ಹಳದಿಯಿಂದ ಕೆಂಪಿಗೆ ಏರಿದ್ದನ್ನು ಗಡಿಯಾರ ರಿಪೇರಿಯ ಮುದುಕನು ನೋಡಿದನು. ಆ ಸಾಲು ಅವನ ಹೆಂಡತಿಯದು. ಹದಿನೇಳು ದಿನಗಳಿಂದ ಅವಳು ಕಣ್ಣು ತೆರೆದಿರಲಿಲ್ಲ.

"ನೋಡಿದ್ರಾ ಅಜ್ಜ?" ಎಂದಳು ದಾದಿ. "ನೀವು ಬಂದು ಕೂತ್ರೆ ಸಾಕು, ಅಜ್ಜಿ ಕೈ ಆಡಿಸ್ತಾರೆ. ಎಲ್ಲ ನಿಮ್ಮ ಕೈಗುಣ."

ಆ ಪರದೆಯ ವ್ಯಾಕರಣವನ್ನು ಮೊದಲ ದಿನವೇ ಅವಳು ಕಲಿಸಿದ್ದಳು. ಒಂದೊಂದು ಸಾಲು ಒಂದೊಂದು ಹಾಸಿಗೆ. ಒಂದೊಂದು ಚೌಕ ಹತ್ತು ನಿಮಿಷ. ರೋಗಿಯ ಮಣಿಕಟ್ಟಿಗೆ ಕಟ್ಟಿದ ಪಟ್ಟಿಯು ಅಲುಗಾಟವನ್ನು ಎಣಿಸುತ್ತದೆ. ಎಣಿಕೆಯು ಬಣ್ಣವಾಗಿ ಚೌಕವನ್ನು ತುಂಬುತ್ತದೆ. ನಿಶ್ಚಲತೆಗೆ ಕಡುನೀಲಿ, ಚಲನೆಗೆ ಕೆಂಪು.

"ಅಂಕಿ ಹಾಕಿದ್ರೆ ಸಾವಿರ ಅಂಕಿ, ಯಾರು ಓದ್ತಾರೆ? ಬಣ್ಣ ಆದ್ರೆ ಬಾಗಿಲಲ್ಲಿ ನಿಂತೇ ಗೊತ್ತಾಗುತ್ತೆ" ಎಂದಿದ್ದಳು.

ವೈದ್ಯರು ಮಾತ್ರ ಕಳೆದ ವಾರ ಕಣ್ಣು ತಪ್ಪಿಸಿ ನುಡಿದಿದ್ದರು. "ಶುಕ್ರವಾರದವರೆಗೆ ನೋಡೋಣ. ಸಾಲು ನೀಲಿಯಾಗೇ ಇದ್ರೆ ಉಸಿರಿನ ಯಂತ್ರ ತೆಗೀಬೇಕಾಗುತ್ತೆ."

ನಿಂತ ಗಡಿಯಾರವಾದರೆ ಬಿಚ್ಚಿ ನೋಡಬಹುದು. ಇಲ್ಲಿ ಬಿಚ್ಚಲು ಏನೂ ಇರಲಿಲ್ಲ. ನಲವತ್ತು ವರ್ಷ ಸಾಸಿವೆಯಷ್ಟು ತಿರುಪುಗಳನ್ನು ಕೂರಿಸಿದವನು ಎರಡು ವರ್ಷಗಳ ಹಿಂದೆಯೇ ಅಂಗಡಿಗೆ ಬೀಗ ಜಡಿದಿದ್ದನು. ಕೇಳಿದವರಿಗೆ "ವಯಸ್ಸಾಯ್ತು" ಎಂದಿದ್ದನು.

ವೈದ್ಯರು ಹಾಗೆಂದ ದಿನದಿಂದ ಬೆಳಿಗ್ಗೆ ಹತ್ತರಿಂದ ಹನ್ನೆರಡು, ಸಂಜೆ ನಾಲ್ಕರಿಂದ ಆರು, ಭೇಟಿಯ ವೇಳೆಯ ಒಂದು ಗಳಿಗೆಯನ್ನೂ ಅವನು ಬಿಟ್ಟುಕೊಡಲಿಲ್ಲ. ಬಂದೊಡನೆ ಹೊದಿಕೆಯೊಳಗೆ ಬಲಗೈ ತೂರಿಸಿ, ಅವಳ ಮಣಿಕಟ್ಟನ್ನು ಭದ್ರವಾಗಿ ಹಿಡಿದು ಕುಳಿತುಬಿಡುವನು. ಅಂಗಿಯ ಮೇಲಿನೆರಡು ಗುಂಡಿಗಳು ಸದಾ ತೆರೆದಿರುತ್ತಿದ್ದವು, ಹಾಕಿಕೊಡುತ್ತಿದ್ದವಳು ಮಲಗಿದ್ದಳು. ಸ್ತೋತ್ರಗಳು ಅವನಿಗೆ ಬಾರವು. "ದೇವರೇ, ಒಮ್ಮೆ ಅಲುಗಿಸು" ಎಂಬುದೊಂದೇ ಬರುತ್ತಿತ್ತು. ದೇವರು ಕೇಳಿಸಿಕೊಂಡಂತೆ ಚೌಕವು ಕೆಂಪಾಗುತ್ತಿತ್ತು. ಅವನು ಎದ್ದುಹೋದೊಡನೆ ಸಾಲು ಮತ್ತೆ ಕಡಲಿನಂತೆ ನೀಲಿ.

ದಾದಿ ಅವನು ಬಯಸುವಂತೆ ಅರ್ಧ ಲೋಟ ಚಹಾ ತಂದಿಟ್ಟಳು. "ಇಷ್ಟೊಂದು ಪ್ರೀತೀನಾ? ಲವ್ ಮ್ಯಾರೇಜಾ ಅಜ್ಜ?"

"ಕೆಟ್ಟ ವಾಚು ತಂದಿದ್ಲು. ಬೇಕಂತ್ಲೇ ಮೂರು ಸಲ ತಪ್ಪು ರಿಪೇರಿ ಮಾಡಿದೆ. ನಾಲ್ಕನೇ ಸಲ ಬೈಯೋಕೆ ಬಂದೋಳು ಮನೆಗೇ ಬಂದ್ಬಿಟ್ಲು."

ಶುಕ್ರವಾರ ಬಂದಿತು. ವೈದ್ಯರು ಇಡೀ ವಾರದ ಚೌಕಗಳನ್ನು ಒಂದೇ ಹಾಳೆಯಲ್ಲಿ ಹರಡಿದರು. ದಿನಕ್ಕೊಂದು ನೀಲಿ ಸಾಲು. ಪ್ರತಿ ಸಾಲಿನಲ್ಲೂ ಎರಡು ಕೆಂಪು ತುಂಡುಗಳು, ಒಂದರ ಕೆಳಗೊಂದು, ಗೆರೆ ಎಳೆದಂತೆ.

"ಇದು ಆಕಸ್ಮಿಕ ಅಲ್ಲ ಯಜಮಾನ್ರೇ. ನಿಮ್ಮ ಸ್ಪರ್ಶ ಅವರಿಗೆ ತಿಳೀತಿದೆ. ಯಂತ್ರ ಇರಲಿ."

ಅವನು ಎಡಗೈಯಿಂದ ಕಣ್ಣೊರೆಸಿಕೊಂಡನು.

ವೈದ್ಯರು ಹೋದ ಮೇಲೆ ದಾದಿ ಬಿಸಿನೀರಿನ ಬೋಗುಣಿಯೊಡನೆ ಬಂದಳು. ಮುಖದಲ್ಲಿ ಹಬ್ಬವಿತ್ತು. "ಏಳಿ ಅಜ್ಜ, ಅಜ್ಜಿಗೆ ಮೈ ಒರೆಸ್ಬೇಕು." ಮಣಿಕಟ್ಟಿನ ಪಟ್ಟಿಯನ್ನು ಬಿಚ್ಚಿ ಅವನ ಬಲಗೈಗೆ ತುರುಕಿದಳು. "ಇದನ್ನ ಹಿಡ್ಕೊಂಡಿರಿ, ನೆನೀಬಾರ್ದು."

ಅವನು ಅಭ್ಯಾಸದಂತೆ ಆ ಕೈಯನ್ನು ಜೇಬಿಗೆ ಇಳಿಸಿ ಕಿಟಕಿಯ ಬಳಿ ಸರಿದು ನಿಂತನು. ಬೋಗುಣಿಯ ಅಂಚಿನಲ್ಲಿ ಹೆಂಡತಿಯ ಬೆರಳುಗಳು ಮೇಣದಂತೆ ಅಲುಗದೆ ಬಿದ್ದಿದ್ದವು. ಹತ್ತು ನಿಮಿಷ ಕಳೆಯಿತು. ಪರದೆಯತ್ತ ತಿರುಗಿದನು.

ಮೂರನೆಯ ಸಾಲಿನ ಹೊಸ ಚೌಕವು ಎಂದಿಗಿಂತಲೂ ಕೆಂಪಾಗಿತ್ತು. ಮತ್ತು ಜೇಬಿನೊಳಗೆ, ಹೆಂಡತಿಯ ಹೊರತು ಯಾರಿಗೂ ತೋರಿಸದ ಅವನ ಬಲಗೈಯು, ಎರಡು ವರ್ಷಗಳಿಂದ ನಡುಗುತ್ತಿದ್ದಂತೆಯೇ, ತಡೆಯಿಲ್ಲದೆ ನಡುಗುತ್ತಿತ್ತು.